ಪದಚರ್ಚೆ: ‘ಇಬ್ಬಂದಿ’ ಎಂದರೆ ಇಕ್ಕಟ್ಟಿನಲ್ಲಿ ಸಿಕ್ಕವನೇ, ಎರಡು ನಾಲಗೆಯವನೇ?

ಪದಪ್ರಿಯ ಗೆಳೆಯರಿಗೆ ನಮಸ್ಕಾರ.

‘ಇಬ್ಬಂದಿ’ ಎಂಬ ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವನ್ನು ಒಟ್ಟಿಗೆ ಕುಳಿತು ಓದುವ ಚಿಕ್ಕ ಬಳಗವೊಂದು ನಮ್ಮ ಬಡಾವಣೆಯಲ್ಲಿದೆ. ಪ್ರಹ್ಲಾದನ ಪ್ರಸ್ತಾಪವಿರುವ ಪದ್ಯಕ್ಕೆ ಬಂದಾಗ ಓದು ಮುಂದೆ ಸಾಗಲೇ ಇಲ್ಲ. ಆ ಪದ್ಯದ ಮೊದಲೆರಡು ಸಾಲುಗಳು ಇವು:

ನಂಬದಿರ್ದನು ತಂದೆ, ನಂಬಿದನು ಪ್ರಹ್ಲಾದ
ನಂಬಿಯುಂ ನಂಬದಿರುವಿಬ್ಬಂದಿ ನೀನು

ತಂದೆ ಯಾರು, ಮಗ ಯಾರು ಎಂಬುದರಲ್ಲಿ ಗೊಂದಲವಿಲ್ಲ. ತೊಡಕು ಮೂರನೆಯವನದು, ಅಂದರೆ ‘ನೀನು’ ಎಂದು ಕರೆಸಿಕೊಂಡವನದು. ಬಳಗದ ಹಿರಿಯರೊಬ್ಬರು, “ಇಬ್ಬಂದಿ ಎಂದರೆ ಇಕ್ಕಟ್ಟು, ಆ ಕಡೆಗೂ ಹೋಗಲಾರದ ಈ ಕಡೆಗೂ ಬರಲಾರದ ಸ್ಥಿತಿ” ಎಂದರು. ಇನ್ನೊಬ್ಬರು ಅದನ್ನು ಒಪ್ಪದೆ, “ಇಲ್ಲಿ ಅದು ಬೈಗುಳ, ಎರಡು ನಾಲಗೆಯ ಸೋಗಲಾಡಿ ಎಂದರ್ಥ” ಎಂದು ವಾದಿಸಿದರು. ಗೀತೆಯನ್ನು ಚೆನ್ನಾಗಿ ಬಲ್ಲ ಅಮ್ಮನವರೊಬ್ಬರು “ಸಂಶಯಾತ್ಮಾ ವಿನಶ್ಯತಿ” (ಸಂಶಯಪಡುವವನು ಕೆಡುತ್ತಾನೆ) ಎಂಬ ಮಾತನ್ನು ನೆನಪಿಸಿ, “ಇಬ್ಬಂದಿ ಎಂದರೆ ಸಂಶಯಪಡುವವನು” ಎಂದು ಮುಗಿಸಿದರು. ಮೂರು ಅರ್ಥಗಳೂ ಕನ್ನಡದಲ್ಲಿ ಕೇಳಿದಂಥವೇ. ಆದರೆ ಈ ಸಾಲಿನಲ್ಲಿ ಮೂರೂ ಸರಿಯಾಗಿ ಕೂರುವುದಿಲ್ಲ ಎಂಬುದು ನನ್ನ ಅನಿಸಿಕೆ. ಕಾರಣಗಳನ್ನು ಕೆಳಗೆ ಬರೆದಿದ್ದೇನೆ. ಒಪ್ಪದವರು ದಯವಿಟ್ಟು ಉದಾಹರಣೆಸಹಿತ ಬರೆಯಬೇಕು.

ಇಂದಿನ ಬಳಕೆಯನ್ನು ಮೊದಲು ನೋಡೋಣ. ಪತ್ರಿಕೆಗಳಲ್ಲಿ ಈ ಪದ ಮೂರು ಬಗೆಯ ವಾಕ್ಯಗಳಲ್ಲಿ ಬರುತ್ತದೆ. ‘ಸರ್ಕಾರ ಇಬ್ಬಂದಿಗೆ ಸಿಲುಕಿದೆ’ ಎಂಬಲ್ಲಿ ಅದು ಒಂದು ಸ್ಥಿತಿ, ಇಕ್ಕಟ್ಟು. ‘ಪಕ್ಷದ ಇಬ್ಬಂದಿ ನೀತಿ’ ಎಂಬಲ್ಲಿ ಅದು ವಿಶೇಷಣ. ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ ಎಂಬ ಆಕ್ಷೇಪ ಅದರಲ್ಲಿದೆ. ‘ಇಬ್ಬಂದಿತನ’ ಎಂಬುದಂತೂ ಎರಡಕ್ಕೂ ಸಲ್ಲುತ್ತಿದೆ. ನಿರ್ಧಾರ ಮಾಡಲಾಗದೆ ಒದ್ದಾಡುವವನಿಗೂ ಇಬ್ಬಂದಿತನ, ಬೇಕೆಂದೇ ಎರಡು ಮಾತಾಡುವವನಿಗೂ ಇಬ್ಬಂದಿತನ. ಮೊದಲನೆಯವನ ಬಗ್ಗೆ ನಮಗೆ ಮರುಕ ಹುಟ್ಟಬೇಕು, ಎರಡನೆಯವನ ಬಗ್ಗೆ ಸಿಟ್ಟು ಬರಬೇಕು. ಒಂದೇ ಪದ ಎರಡನ್ನೂ ಹೊತ್ತಿರುವುದರಿಂದ ಓದುವವನಿಗೆ ಎರಡೂ ಸರಿಯಾಗಿ ತಲುಪುತ್ತಿಲ್ಲ.

ಆದರೆ ಕಗ್ಗದ ಸಾಲಿನಲ್ಲಿ ‘ಇಬ್ಬಂದಿ’ ಸ್ಥಿತಿಯೂ ಅಲ್ಲ, ವಿಶೇಷಣವೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರು. ‘ನಂಬದಿರುವ ಇಬ್ಬಂದಿ ನೀನು’ ಎಂದು ಬಿಡಿಸಿದರೆ ‘ಹಾಡುವ ಗಾಯಕ ನೀನು’ ಎಂಬ ಮಾದರಿಯ ರಚನೆ ಕಾಣುತ್ತದೆ. ‘ತನ’ ಪ್ರತ್ಯಯವೂ ಇದಕ್ಕೇ ಸಾಕ್ಷಿ ಹೇಳುತ್ತದೆ. ಕಳ್ಳನಿಂದ ಕಳ್ಳತನ, ಜಾಣನಿಂದ ಜಾಣತನ, ಸೋಮಾರಿಯಿಂದ ಸೋಮಾರಿತನ ಬಂದಂತೆ ಇಬ್ಬಂದಿಯಿಂದ ಇಬ್ಬಂದಿತನ ಬಂದಿದೆ. ‘ತನ’ ಸಾಮಾನ್ಯವಾಗಿ ಮನುಷ್ಯನನ್ನೋ ಅವನ ಗುಣವನ್ನೋ ಸೂಚಿಸುವ ಪದಕ್ಕೆ ಅಂಟಿಕೊಳ್ಳುತ್ತದೆ. ಇಕ್ಕಟ್ಟುತನ, ಸಂಕಟತನ ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ‘ಇಬ್ಬಂದಿಗೆ ಸಿಲುಕಿದೆ’ ಎಂಬ ಬಳಕೆ ಪದದ ಮೂಲ ಹುರುಳಿನಿಂದ ಒಂದು ಹೆಜ್ಜೆ ಆಚೆಗೆ ಬಂದದ್ದು ಎಂದು ನಾನು ತಿಳಿಯುತ್ತೇನೆ. ಮನುಷ್ಯ ಹೋಗಿ ಅವನು ಬಿದ್ದ ಗುಂಡಿ ಮಾತ್ರ ಉಳಿದಿದೆ.

ಪದದ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಭಾಗ ‘ಎರಡು’ ಎಂಬರ್ಥದ ‘ಇರ್’. ಮುಂದಿನ ವ್ಯಂಜನದೊಡನೆ ಸೇರುವಾಗ ಅದರ ರೇಫೆ ಆ ವ್ಯಂಜನವಾಗಿಯೇ ಮಾರ್ಪಡುತ್ತದೆ: ಇಮ್ಮಡಿ, ಇಕ್ಕೆಲ, ಇತ್ತಂಡ, ಇಬ್ಬದಿ, ಇಬ್ಬಗೆ. ಎರಡನೆಯ ಭಾಗವಾದ ‘ಬಂದಿ’ಯಲ್ಲಿ ಸೆರೆಯಾಳು ಎಂಬ ಅರ್ಥವನ್ನು ಕೇಳಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ. ನಮ್ಮ ಹಿರಿಯರು ‘ಇಕ್ಕಟ್ಟು’ ಎಂದು ಅರ್ಥ ಹೇಳಿದ್ದೂ ಅದರ ಬಲದಿಂದಲೇ: ಎರಡು ಕಡೆಯಿಂದಲೂ ಸೆರೆಯಾದವನು. ಪತ್ರಿಕೆಯ ಬಳಕೆ ಹರಡಲು ಈ ಕಿವಿಯ ನಂಟೂ ಕಾರಣವಾಗಿರಬಹುದು. ಆದರೆ ಪದವೊಂದರ ಅರ್ಥವನ್ನು ಅದರ ತುಂಡುಗಳಿಂದಲೇ ತೀರ್ಮಾನಿಸಹೊರಟರೆ ದಾರಿ ತಪ್ಪುವುದೇ ಹೆಚ್ಚು. ಸಾಲು ಏನು ಹೇಳುತ್ತಿದೆ ಎಂಬುದೇ ಮುಖ್ಯ.

ಸಾಲಿನ ಗುಟ್ಟು ‘ಇಬ್ಬಂದಿ’ಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ‘ನಂಬು’ ಎಂಬ ಕ್ರಿಯಾಪದದಲ್ಲಿದೆ. ಎರಡು ಸಾಲುಗಳಲ್ಲಿ ಆ ಧಾತು ನಾಲ್ಕು ಸಲ ಬಂದಿದೆ. ಒಮ್ಮೆಯೂ ಅದಕ್ಕೆ ಕರ್ಮಪದವಿಲ್ಲ. ಯಾರನ್ನು ನಂಬಲಿಲ್ಲ, ಏನನ್ನು ನಂಬಿದ ಎಂದು ಕವಿ ಹೇಳುವುದಿಲ್ಲ. ‘ನಂಬಿಯೂ ನಂಬದಿರುವುದು’ ಎಂದರೆ ಮೇಲುನೋಟಕ್ಕೆ ವಿರೋಧದ ಮಾತು. ಉಂಡೂ ಉಣ್ಣದಿರಲು, ಬಂದೂ ಬರದಿರಲು ಆಗುವುದಿಲ್ಲ. ಹಾಗಿದ್ದರೂ ಈ ಸಾಲನ್ನು ಓದಿದ ಕನ್ನಡಿಗನಿಗೆ ಏನೋ ನಿಜವನ್ನು ಹೇಳಿದಂತೆ ಅನಿಸುತ್ತದೆ, ಯಾರೋ ತನ್ನನ್ನೇ ಬೆರಳಿಟ್ಟು ತೋರಿಸಿದಂತೆ ಮುಖ ಬಿಸಿಯಾಗುತ್ತದೆ. ಏಕೆ? ನಮ್ಮ ‘ನಂಬು’ವಿನ ಹೊಟ್ಟೆಯಲ್ಲಿ ಎರಡು ಅರ್ಥಗಳಿರುವುದೇ ಅದಕ್ಕೆ ಕಾರಣ.

‘ಅವನು ಹೇಳಿದ್ದು ನಿಜವೆಂದು ನಂಬಿದೆ’ ಎನ್ನುವಾಗ ನಂಬುವುದು ಬುದ್ಧಿಯ ಕೆಲಸ. ಒಂದು ಮಾತನ್ನು ನಿಜವೆಂದು ಒಪ್ಪುವುದು ಅಷ್ಟೇ. ‘ಮಳೆಯನ್ನು ನಂಬಿ ಬಿತ್ತಿದೆವು’, ‘ಭೂಮಿ ನಂಬಿದ ಕುಟುಂಬ’, ‘ಮಗನನ್ನು ನಂಬಿಕೊಂಡಿದ್ದಾಳೆ’ ಎನ್ನುವಾಗ ಅದು ಇಡೀ ಬಾಳಿನ ಕೆಲಸ. ಮಳೆ ಇದೆ ಎಂದು ಒಪ್ಪುವುದು ಅದಲ್ಲ. ಮನೆಯಲ್ಲಿದ್ದ ಬಿತ್ತನೆಕಾಳನ್ನು ಮಣ್ಣಿಗೆ ಹಾಕಿ ಕೈ ಖಾಲಿ ಮಾಡಿಕೊಳ್ಳುವುದು. ಪುರಂದರದಾಸರ ‘ನಂಬಿ ಕೆಟ್ಟವರಿಲ್ಲವೋ’ ಎಂಬುದು ಈ ಎರಡನೆಯ ಅರ್ಥದ್ದು. ದೇವರಿದ್ದಾನೆಂದು ಒಪ್ಪಿದವರ ಲೆಕ್ಕ ಅಲ್ಲಿಲ್ಲ. ಅವನ ಪಾದಕ್ಕೆ ತಮ್ಮನ್ನು ಒಪ್ಪಿಸಿಕೊಂಡವರ ಮಾತಿದೆ.

ಈ ಎರಡು ಅರ್ಥಗಳನ್ನು ಹನ್ನೆರಡನೆಯ ಶತಮಾನದಲ್ಲೇ ಎರಡು ಕ್ರಿಯಾಪದಗಳಾಗಿ ಬಿಡಿಸಿಟ್ಟವರು ಬಸವಣ್ಣನವರು:

ನಂಬರು ನಚ್ಚರು ಬರಿದೆ ಕರೆವರು
ನಂಬಲರಿಯರೀ ಲೋಕದ ಮನುಜರು

ಈ ‘ನಚ್ಚು’ ಇಂದಿನ ‘ನೆಚ್ಚು’. ‘ನೆಚ್ಚಿನ ಹಾಡು’, ‘ನೆಚ್ಚಿನ ಮೇಷ್ಟ್ರು’ ಎಂಬಲ್ಲಿ ಅದರ ಒಲವಿನ ಮುಖ ಉಳಿದಿದೆ. ‘ಸಂಬಳವನ್ನೇ ನೆಚ್ಚಿಕೊಂಡ ಸಂಸಾರ’ ಎಂಬಲ್ಲಿ ಆಸರೆಯ ಮುಖ ಉಳಿದಿದೆ. ‘ನಂಬರು ನಚ್ಚರು’ ಎಂಬುದು ಬರಿಯ ಜೋಡುನುಡಿ, ‘ಕಷ್ಟನಷ್ಟ’ದ ಹಾಗೆ ಒತ್ತಿಗಾಗಿ ಬಂದದ್ದು ಎಂದು ಕೆಲವರು ಹೇಳಬಹುದು. ಅದಕ್ಕೊಂದು ಪರೀಕ್ಷೆ ಇದೆ. ‘ದೇವರಿದ್ದಾನೆ ಎಂದು ನಂಬುತ್ತೇನೆ’ ಎನ್ನಬಹುದು. ‘ದೇವರಿದ್ದಾನೆ ಎಂದು ನೆಚ್ಚುತ್ತೇನೆ’ ಎನ್ನಲು ಬರುವುದಿಲ್ಲ. ಕನ್ನಡದ ಕಿವಿ ಅದನ್ನು ಒಪ್ಪುವುದಿಲ್ಲ. ‘ದೇವರನ್ನು ನೆಚ್ಚಿದ್ದೇನೆ’ ಎಂದೇ ಹೇಳಬೇಕು. ‘ನಂಬು’ ಒಂದು ವಾಕ್ಯವನ್ನು ತನ್ನೊಳಗೆ ತೆಗೆದುಕೊಳ್ಳಬಲ್ಲದು. ‘ನೆಚ್ಚು’ವಿಗೆ ವಾಕ್ಯ ಬೇಡ, ಆಳು ಬೇಕು, ಆಸರೆ ಬೇಕು. ಹೀಗಿರುವಾಗ ಇವೆರಡೂ ಒಂದೇ ಎನ್ನುವುದು ಹೇಗೆ?

ಇದನ್ನು ಕಗ್ಗದ ಸಾಲಿನ ಮೇಲಿಟ್ಟು ಓದಿದರೆ ವಿರೋಧ ತಾನಾಗಿ ಕರಗುತ್ತದೆ. ನಂಬಿಯೂ ನಂಬದವನು ಎಂದರೆ ನಂಬಿಯೂ ನೆಚ್ಚದವನು. ಬುದ್ಧಿ ಒಪ್ಪಿದೆ, ಬಾಳು ಒಪ್ಪಿಲ್ಲ. ಅಂಥವನೇ ಇಬ್ಬಂದಿ. ವಚನದ ‘ನಂಬಲರಿಯರು’ ಎಂಬ ಮಾತೂ ಇಲ್ಲಿ ಬೆಳಕು ಕೊಡುತ್ತದೆ. ನಂಬಲು ಒಲ್ಲರು ಎನ್ನದೆ ಅರಿಯರು ಎಂದಿರುವುದನ್ನು ಗಮನಿಸಬೇಕು. ಈಜು ಅರಿಯದವನು, ಅಡುಗೆ ಅರಿಯದವನು ಎಂಬಂತೆ ನಂಬಲು ಅರಿಯದವನೂ ಇದ್ದಾನೆ. ನಂಬುವುದು ಕಲಿತು ಮಾಡುವ ಕೆಲಸ ಎಂಬ ದೊಡ್ಡ ವಿಚಾರ ಆ ಒಂದು ಕ್ರಿಯಾಪದದಲ್ಲಿ ಅಡಗಿದೆ.

ಕಥೆಯ ಕಡೆಯಿಂದಲೂ ಇದಕ್ಕೆ ಬೆಂಬಲ ಸಿಗುತ್ತದೆ. ‘ನಂಬದಿರ್ದನು ತಂದೆ’ ಎಂಬುದಕ್ಕೆ ಹಿರಣ್ಯಕಶಿಪು ನಾಸ್ತಿಕ ಎಂದು ಅರ್ಥ ಹೇಳುವುದುಂಟು. ಭಾಗವತದ ಏಳನೆಯ ಸ್ಕಂಧವನ್ನು ಓದಿದವರು ಅದನ್ನು ಒಪ್ಪಲಾರರು. ಮಂದರಪರ್ವತದ ತಪ್ಪಲಿನಲ್ಲಿ ಘೋರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದವನು ಅವನು. ಹರಿ ಎಂಬವನಿಲ್ಲ ಎಂದು ತಿಳಿದವನೂ ಅಲ್ಲ. ತನ್ನ ತಮ್ಮ ಹಿರಣ್ಯಾಕ್ಷನನ್ನು ಕೊಂದವನು ಅವನೇ ಎಂಬ ಹಗೆಯನ್ನು ಎದೆಯಲ್ಲಿಟ್ಟುಕೊಂಡು, ಅವನನ್ನು ಮುಗಿಸಲೆಂದು ಮೂರು ಲೋಕ ಹುಡುಕಿದವನು. ಇಲ್ಲದವನನ್ನು ಯಾರೂ ಹಾಗೆ ದ್ವೇಷಿಸುವುದಿಲ್ಲ. ಅಂದಮೇಲೆ ‘ನಂಬದಿರ್ದನು’ ಎಂದರೆ ಹರಿಯ ಇರವನ್ನು ಒಪ್ಪಲಿಲ್ಲ ಎಂದಲ್ಲ. ಅವನಿಗೆ ತಲೆಬಾಗಲಿಲ್ಲ, ಅವನನ್ನು ಆಸರೆಯಾಗಿ ಹಿಡಿಯಲಿಲ್ಲ ಎಂದೇ ಹೇಳಬೇಕಾಗುತ್ತದೆ. ಮೊದಲ ಸಾಲಿನ ಎರಡೂ ‘ನಂಬು’ಗಳು ನೆಚ್ಚುವ ಅರ್ಥದವು. ಎರಡನೆಯ ಸಾಲಿನ ‘ನಂಬಿಯುಂ’ ಮಾತ್ರ ಒಪ್ಪುವ ಅರ್ಥದ್ದು. ಡಿವಿಜಿ ಒಂದೇ ಪದವನ್ನು ಮತ್ತೆ ಮತ್ತೆ ಬಳಸಿ ಅದರ ಒಳಗಿನ ಬಿರುಕನ್ನು ತೋರಿಸಿದ್ದಾರೆ. ಎಂಥ ಕುಸುರಿ ಇದು!

ತಂದೆ ಮತ್ತು ಮಗ ಇಬ್ಬರಿಗೂ ಇರುವ, ಇಬ್ಬಂದಿಗೆ ಇಲ್ಲದ ಗುಣ ಯಾವುದು ಎಂಬುದನ್ನೂ ನೋಡಬೇಕು. ‘ಈ ಕಂಬದಲ್ಲಿ ಏಕೆ ಕಾಣಿಸುವುದಿಲ್ಲ’ ಎಂದು ಕೇಳಿ ಹಿರಣ್ಯಕಶಿಪು ಸುಮ್ಮನಿರಲಿಲ್ಲ. ಸಿಂಹಾಸನದಿಂದ ಎದ್ದು ಮುಷ್ಟಿ ಬಿಗಿದು ಕಂಬಕ್ಕೆ ಗುದ್ದಿದ. ತನ್ನ ತಿಳಿವಳಿಕೆಯ ಮೇಲೆ ತನ್ನ ಜೀವವನ್ನೇ ಪಣವಿಟ್ಟ. ಪ್ರಹ್ಲಾದನೂ ಅಷ್ಟೇ, ಬೆಟ್ಟದ ತುದಿಯಿಂದ ತಳ್ಳಿಸಿಕೊಂಡಾಗಲೂ ಬೆಂಕಿಗೆ ಬಿದ್ದಾಗಲೂ ತನ್ನ ನಂಬಿಕೆಯಿಂದ ಕದಲಲಿಲ್ಲ. ಒಬ್ಬನದು ಪೂರ್ತಿ ಹಗೆ, ಇನ್ನೊಬ್ಬನದು ಪೂರ್ತಿ ಒಲವು. ಅದಕ್ಕೇ ಮೂರನೆಯ ಸಾಲಿನಲ್ಲಿ ‘ಕಂಬದಿನೊ ಬಿಂಬದಿನೊ’, ಅಂದರೆ ಕಂಬದಿಂದಲೋ ದೇವರ ಮೂರ್ತಿಯಿಂದಲೋ, ಇಬ್ಬರಿಗೂ ಮೋಕ್ಷವಾಯಿತೆಂದು ಕವಿ ಹೇಳುತ್ತಾರೆ. ಇದು ಅವರು ಹೊಸದಾಗಿ ಕಟ್ಟಿದ ಮಾತಲ್ಲ. ಗೋಪಿಯರು ಪ್ರೇಮದಿಂದ, ಕಂಸ ಭಯದಿಂದ, ಶಿಶುಪಾಲ ಮೊದಲಾದವರು ದ್ವೇಷದಿಂದ ಹರಿಯನ್ನು ಸೇರಿದರೆಂದು ಅದೇ ಸ್ಕಂಧದ ಮೊದಲಲ್ಲಿ ನಾರದರು ಧರ್ಮರಾಜನಿಗೆ ಹೇಳುತ್ತಾರೆ. ದ್ವೇಷದಿಂದ ಮುಕ್ತಿ ಎಂಬುದನ್ನು ಮಧ್ವಮತ ಒಪ್ಪುವುದಿಲ್ಲ ಎಂಬುದು ಬೇರೆ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಪದದ ಮಟ್ಟಿಗೆ ಬೇಕಾದದ್ದು ಇಷ್ಟು: ಕಂಬಕ್ಕೆ ಗುದ್ದುವ ಧೈರ್ಯವೂ ಇಲ್ಲದೆ, ಬಿಂಬಕ್ಕೆ ಒಪ್ಪಿಸಿಕೊಳ್ಳುವ ಒಲವೂ ಇಲ್ಲದೆ ಇರುವವನು ಇಬ್ಬಂದಿ.

ಒಂದು ವಿಷಯವನ್ನು ಇಲ್ಲಿ ಸೇರಿಸಲೇಬೇಕು, ಏಕೆಂದರೆ ಅದು ನನ್ನನ್ನು ಬಹಳ ಕಾಡಿದೆ. ಎರಡರ ನಡುವೆ ಇರುವುದೇ ತಪ್ಪು ಎಂದು ಈ ಕಥೆ ಹೇಳುವುದಿಲ್ಲ. ನರಸಿಂಹನೇ ನಡುವಿನವನು! ನರನೂ ಅಲ್ಲ, ಮೃಗವೂ ಅಲ್ಲ. ಹಗಲೂ ಅಲ್ಲದ ಇರುಳೂ ಅಲ್ಲದ ಸಂಜೆ, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲು, ನೆಲವೂ ಅಲ್ಲದ ಆಕಾಶವೂ ಅಲ್ಲದ ತೊಡೆ. ಆ ನಡುವಿನಲ್ಲಿಯೇ ಕೆಲಸ ಕೈಗೂಡಿತು. ಆದ್ದರಿಂದ ‘ಇಬ್ಬಂದಿ ಎಂದರೆ ಎರಡರ ನಡುವೆ ಇರುವವನು’ ಎಂದು ಅರ್ಥ ಬರೆದರೆ ಸಾಲದು. ನಡುವೆ ಇದ್ದೂ ಒಂದು ಕಡೆಗೂ ತನ್ನ ಭಾರ ಹಾಕದವನು ಎಂದು ಬರೆಯಬೇಕು.

ಈಗ ಮೂರು ಅರ್ಥಗಳಿಗೆ ಬರುತ್ತೇನೆ. ಸೋಗಲಾಡಿ ಎಂಬುದನ್ನು ನಾನು ಏಕೆ ಒಪ್ಪುವುದಿಲ್ಲ? ಸೋಗಲಾಡಿಗೆ ತಾನು ನಂಬಿಲ್ಲವೆಂದು ಚೆನ್ನಾಗಿ ಗೊತ್ತಿರುತ್ತದೆ. ಅವನು ವೇಷ ಹಾಕುವುದು ಬೇರೆಯವರ ಕಣ್ಣಿಗೆ. ಇಬ್ಬಂದಿ ಮೋಸಗಾರನಲ್ಲ. ‘ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯಾ’ ಎಂಬ ಬಸವಣ್ಣನವರ ವಚನದಲ್ಲಿ ಬರುವವರನ್ನು ನೆನೆಯಿರಿ. ಕಲ್ಲಿಗೆ ಹಾಲೆರೆಯುವಾಗ ಅವರು ನಟಿಸುತ್ತಿಲ್ಲ. ಕಣ್ಣು ಮುಚ್ಚಿ, ಕೈ ಮುಗಿದು, ಮನಸ್ಸಿಟ್ಟೇ ಎರೆಯುತ್ತಾರೆ. ನಿಜವಾದ ಹಾವು ಎದುರಾದ ಗಳಿಗೆಯಲ್ಲಿ ಆ ನಂಬಿಕೆ ಕೈಗೆ ಬರುವುದಿಲ್ಲ, ದೊಣ್ಣೆ ಬರುತ್ತದೆ. ಪ್ರಾಮಾಣಿಕತೆಯೇ ದೊಡ್ಡದೆಂದು ಮಕ್ಕಳಿಗೆ ಮನಸಾರೆ ಹೇಳಿ, ಮರುದಿನ ಕಚೇರಿಯ ಕಿಟಕಿಯಲ್ಲಿ ಕಡತ ಬೇಗ ಸರಿಯಲೆಂದು ನೋಟು ದಾಟಿಸುವ ತಂದೆಯೂ ಇಂಥವನೇ. ಅವನು ಮಕ್ಕಳಿಗೆ ಹೇಳಿದ್ದು ಸುಳ್ಳಲ್ಲ. ಅವನ ಮಾತು ನಿಜ, ನೋಟೂ ನಿಜ. ಇವನನ್ನು ಸೋಗಲಾಡಿ ಎಂದರೆ ಅನ್ಯಾಯವಾಗುತ್ತದೆ, ಸುಮ್ಮನೆ ಬಿಟ್ಟರೂ ಅನ್ಯಾಯವಾಗುತ್ತದೆ. ಇವನಿಗೆಂದೇ ಒಂದು ಪದ ಬೇಕು, ಅದು ಕನ್ನಡದಲ್ಲಿ ಇದೆ. ಅದನ್ನೇ ರಾಜಕೀಯದ ಆಪಾದನೆಗಳಿಗೆ ಕೊಟ್ಟು ಸವೆಸುತ್ತಿದ್ದೇವಲ್ಲ ಎಂಬುದು ನನ್ನ ಸಂಕಟ. ಎರಡು ನ್ಯಾಯ ಎಂಬ ಆಕ್ಷೇಪಕ್ಕೆ ‘ಇಬ್ಬಗೆಯ ನೀತಿ’ ಎಂಬ ಒಳ್ಳೆಯ ಮಾತು ಮೊದಲಿನಿಂದಲೂ ಇದೆ.

ಇಕ್ಕಟ್ಟು ಎಂಬ ಅರ್ಥಕ್ಕೆ ಬಂದರೆ, ಅದನ್ನು ಪೂರ್ತಿ ತಳ್ಳಿಹಾಕಲಾರೆ. ನಾಲ್ಕನೆಯ ಸಾಲು ‘ಸಿಂಬಳದ ನೊಣ ನೀನು’ ಎನ್ನುತ್ತದೆ. ಆ ನೊಣದ ಪಾಡು ನಿಜಕ್ಕೂ ಇಕ್ಕಟ್ಟೇ. ರೆಕ್ಕೆ ಅಂಟಿಕೊಂಡಿದೆ, ಹಾರಲಾರದು, ಇರಲಾರದು. ಹಾಗಾಗಿ ಪದ್ಯದೊಳಗೇ ನಡತೆ ಮತ್ತು ಪಾಡು ಎರಡೂ ಇವೆ: ಎರಡನೆಯ ಸಾಲಿನಲ್ಲಿ ನಡತೆ, ನಾಲ್ಕನೆಯದರಲ್ಲಿ ಅದರಿಂದ ಬಂದ ಪಾಡು. ಆದರೆ ನೊಣವನ್ನು ಯಾರೂ ಹಿಡಿದು ಅಲ್ಲಿಗೆ ಹಾಕಲಿಲ್ಲ, ಅದೇ ಹೋಗಿ ಕುಳಿತದ್ದು. ಇದೇ ಮುಖ್ಯ ವ್ಯತ್ಯಾಸ. ಧರ್ಮಸಂಕಟದಲ್ಲಿ ಹಾಗಲ್ಲ. ರಣರಂಗದಲ್ಲಿ ಬಿಲ್ಲು ಕೆಳಗಿಟ್ಟ ಅರ್ಜುನ ತನ್ನನ್ನು ‘ಧರ್ಮಸಂಮೂಢಚೇತಾಃ’, ಅಂದರೆ ಯಾವುದು ಧರ್ಮವೆಂದು ತೋಚದೆ ಮನಸ್ಸು ಕಲಕಿದವನು ಎಂದು ಕರೆದುಕೊಂಡ. ಒಂದು ಕಡೆ ಕ್ಷತ್ರಿಯನ ಕರ್ತವ್ಯ, ಇನ್ನೊಂದು ಕಡೆ ಗುರುಹಿರಿಯರ ಮೇಲಿನ ಭಕ್ತಿ. ಎರಡೂ ಅವನಿಗೆ ನಿಜವಾದ ಧರ್ಮಗಳೇ. ಎರಡಕ್ಕೂ ಅವನು ಪೂರ್ತಿ ಭಾರ ಹಾಕಿದ್ದರಿಂದಲೇ ಕೈ ನಡುಗಿತು. ಅರ್ಜುನನನ್ನು ಇಬ್ಬಂದಿ ಎನ್ನಲು ನಾಲಗೆ ಏಳುವುದಿಲ್ಲ. ಇಂದಿನ ಪತ್ರಿಕಾ ಕನ್ನಡದಲ್ಲಿ ಅವನೂ ‘ಇಬ್ಬಂದಿಗೆ ಸಿಲುಕಿದ’ವನಾಗುತ್ತಾನೆ! ಉಭಯಸಂಕಟ, ಧರ್ಮಸಂಕಟ, ಇಕ್ಕಟ್ಟು, ಅಡಕತ್ತರಿಯಲ್ಲಿ ಸಿಕ್ಕ ಸ್ಥಿತಿ ಎಂದು ಆ ಪಾಡಿಗೆ ಬೇಕಾದಷ್ಟು ಮಾತುಗಳಿವೆ. ಸ್ವತಃ ಪತ್ರಕರ್ತರಾಗಿದ್ದ ಡಿವಿಜಿಯವರ ಪದವನ್ನು ಪತ್ರಿಕೆಯವರೇ ಅಳೆದು ತೂಗಿ ಬಳಸಿದರೆ ಎಷ್ಟು ಚೆನ್ನ.

ಇನ್ನು ಸಂಶಯಾತ್ಮ. ಗೀತೆಯ ನಾಲ್ಕನೆಯ ಅಧ್ಯಾಯದ ಆ ಮಾತಿಗೂ ಈ ಸಾಲಿಗೂ ನೆಂಟಸ್ತಿಕೆ ಇದೆ ಎಂಬುದನ್ನು ಒಪ್ಪುತ್ತೇನೆ. ಸಂಶಯಾತ್ಮನಿಗೆ ಈ ಲೋಕವೂ ಇಲ್ಲ, ಪರಲೋಕವೂ ಇಲ್ಲ, ಸುಖವೂ ಇಲ್ಲ ಎಂದು ಅಲ್ಲಿ ಹೇಳಿದೆ. ಕಂಬ, ಬಿಂಬ ಎರಡೂ ತಪ್ಪಿದವನ ಗತಿ ಅದೇ. ಆದರೆ ಸಂಶಯ ಎಂದೊಡನೆ ಇಂದಿನ ಓದುಗ ‘ಪ್ರಶ್ನೆ ಕೇಳುವವನು’ ಎಂದು ತಿಳಿಯುತ್ತಾನೆ. ಹಾಗೆ ತಿಳಿದರೆ ಕಗ್ಗ ಪ್ರಶ್ನೆ ಕೇಳುವವರನ್ನು ಬೈಯುತ್ತದೆ ಎಂದಾಗುತ್ತದೆ. ಅದು ಹೇಗೆ ಸಾಧ್ಯ? 1943ರಲ್ಲಿ ಹೊರಬಂದ, 945 ಪದ್ಯಗಳ ಈ ಕೃತಿಯ ಬಾಗಿಲಲ್ಲೇ ಪ್ರಶ್ನೆಗಳು ನಿಂತಿವೆ. ‘ಏನು ಜೀವನದರ್ಥ? ಏನು ಪ್ರಪಂಚಾರ್ಥ?’ ಎಂದು ಕೇಳುವವನು ಮಂಕುತಿಮ್ಮನೇ. ‘ಇಹುದೊ ಇಲ್ಲವೊ ತಿಳಿಯಗೊಡದೊಂದು ವಸ್ತು’ ಎಂದು ಪರತತ್ತ್ವವನ್ನು ಕರೆದು, ಆ ಗಹನ ತತ್ತ್ವಕ್ಕೆ ಶರಣಾಗು ಎನ್ನುವ ಕವಿ ಸಂದೇಹವನ್ನು ಹೊರಗಿಟ್ಟು ಶರಣಾಗಲಿಲ್ಲ, ಅದನ್ನು ಜೊತೆಗಿಟ್ಟುಕೊಂಡೇ ಶರಣಾದರು. ಮೊದಲ ಪದ್ಯದಲ್ಲಿಯೂ ಜನರು ‘ಕಾಣದೊಡಮಳ್ತಿಯಿಂ’ ನಂಬಿದ್ದಾರೆ ಎಂಬ ಮಾತಿದೆ. ಕಾಣದೊಡಂ, ಅಂದರೆ ಕಾಣದಿದ್ದರೂ. ಅಳ್ತಿಯಿಂ, ಅಂದರೆ ಪ್ರೀತಿಯಿಂದ. ಪುರಾವೆ ಇಲ್ಲದಿದ್ದರೂ ಒಲವಿನಿಂದ ನಂಬುವವನು ಒಬ್ಬ. ಪುರಾವೆಯನ್ನೆಲ್ಲ ಒಪ್ಪಿಯೂ ಒಲವಿಲ್ಲದೆ ದೂರ ನಿಲ್ಲುವವನು ಇನ್ನೊಬ್ಬ. ಈ ಎರಡನೆಯವನೇ ಇಬ್ಬಂದಿ ಎಂದು ನಾನು ಓದುತ್ತೇನೆ.

ಬಳಗದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು, ಅದನ್ನೂ ಬರೆದುಬಿಡುತ್ತೇನೆ. ‘ನಂಬಿಕೆ’ಗೆ ಬದಲಾಗಿ ವಿಶ್ವಾಸ, ಶ್ರದ್ಧೆ ಎಂಬ ಪದಗಳನ್ನು ಹಾಕಿ ಈ ಸಾಲಿನ ಅರ್ಥ ಹೇಳಬಹುದೇ ಎಂದು. ಕಷ್ಟವೆನಿಸುತ್ತದೆ. ಕನ್ನಡದಲ್ಲಿ ‘ವಿಶ್ವಾಸ’ ಅಕ್ಕರೆಯ ಕಡೆಗೆ ವಾಲಿದೆ. ‘ಅವರಿಗೆ ನಮ್ಮ ಮೇಲೆ ಬಹಳ ವಿಶ್ವಾಸ’ ಎಂದರೆ ಪ್ರೀತಿ, ಮನೆಗೆ ಬಂದು ಹೋಗುವ ಸಲುಗೆ. ‘ಶ್ರದ್ಧೆ’ ದುಡಿಮೆಯ ಕಡೆಗೆ ವಾಲಿದೆ. ‘ಶ್ರದ್ಧೆಯಿಂದ ಓದು’ ಎಂದು ಮಗುವಿಗೆ ಹೇಳುವಾಗ ಯಾರೂ ದೇವರನ್ನು ನೆನೆಯುವುದಿಲ್ಲ, ಮನಸ್ಸಿಟ್ಟು ಓದು ಎಂದಷ್ಟೇ ಅರ್ಥ. ಸಂಸ್ಕೃತದಿಂದ ಬಂದ ಈ ಎರಡು ಪದಗಳನ್ನು ಕನ್ನಡಿಗರು ಹೀಗೆ ಒಲವಿಗೂ ದುಡಿಮೆಗೂ ಹಚ್ಚಿಕೊಂಡದ್ದು ಸವಕಲು ಎಂದು ಕೆಲವರು ಬೇಸರಪಡುತ್ತಾರೆ. ನನಗೆ ಅದು ಹೆಮ್ಮೆಯ ವಿಷಯ. ‘ಯೋ ಯಚ್ಛ್ರದ್ಧಃ ಸ ಏವ ಸಃ’ ಎಂಬ ಗೀತೆಯ ಮಾತಿನಂತೆ ಯಾವುದರಲ್ಲಿ ಶ್ರದ್ಧೆಯೋ ಮನುಷ್ಯ ಅದೇ ಆಗುತ್ತಾನೆ. ಶ್ರದ್ಧೆ ಎಂಬುದು ಕೈಕಾಲಿಗೆ ಇಳಿಯದೆ ತಲೆಯಲ್ಲೇ ಉಳಿಯಲು ಸಾಧ್ಯವಿಲ್ಲವೆಂಬ ತಿಳಿವು ನಮ್ಮ ದಿನದ ಮಾತಿನಲ್ಲೇ ಇದೆ. ‘ನಂಬಿಯೂ ನಂಬದ’ ಎನ್ನಬಹುದು. ‘ಶ್ರದ್ಧೆಯಿದ್ದೂ ಶ್ರದ್ಧೆಯಿಲ್ಲದ’ ಎಂದರೆ ಕನ್ನಡದಲ್ಲಿ ಅರ್ಥವೇ ಆಗುವುದಿಲ್ಲ. ಇಬ್ಬಂದಿಯನ್ನು ತೋರಿಸಲು ಕವಿಗೆ ‘ನಂಬು’ವೇ ಬೇಕಾಗಿತ್ತು.

ನೆಚ್ಚುವುದಕ್ಕೆ ಒಂದು ಉದಾಹರಣೆ ಕೊಡಿ ಎಂದು ಬಳಗದ ಕಿರಿಯರೊಬ್ಬರು ಕೇಳಿದಾಗ ನಾನು ಗೋವಿನ ಹಾಡನ್ನು ಹೇಳಿದೆ. ಎಲ್ಲರೂ ಪುಣ್ಯಕೋಟಿಯ ಸತ್ಯವನ್ನು ಕೊಂಡಾಡುತ್ತೇವೆ, ಅದು ಸರಿಯೇ. ಹುಲಿಯ ಕಡೆಯಿಂದಲೂ ಒಮ್ಮೆ ಓದಿನೋಡಿ. ಹಸಿದ ಹುಲಿ ಬಾಯಿಗೆ ಬಂದ ಆಹಾರವನ್ನು ಒಂದು ಮಾತಿನ ಮೇಲೆ ಬಿಟ್ಟುಕೊಟ್ಟಿತು. ಹಸು ಮರಳುತ್ತದೆಂದು ಹುಲಿ ಬುದ್ಧಿಯಿಂದ ಒಪ್ಪಿತೋ ಇಲ್ಲವೋ ಹಾಡಿನಿಂದ ತಿಳಿಯುವುದಿಲ್ಲ. ಹಿಡಿತ ಸಡಿಲಿಸಿತು, ದಾರಿ ಬಿಟ್ಟಿತು. ನೆಚ್ಚುವುದೆಂದರೆ ಇಷ್ಟೇ.

ಇಷ್ಟು ನನ್ನ ಓದು. ಈಗ ನಿಮ್ಮಿಂದ ತಿಳಿಯಬೇಕಾದವು. ನಿಮ್ಮ ಊರಿನ ಮಾತಿನಲ್ಲಿ ‘ಇಬ್ಬಂದಿ’ಯನ್ನು ಮನುಷ್ಯನಿಗೆ ಹೇಳುತ್ತಾರೆಯೇ, ಸ್ಥಿತಿಗೆ ಹೇಳುತ್ತಾರೆಯೇ? ‘ಅವನೊಬ್ಬ ಇಬ್ಬಂದಿ’ ಎಂದು ಮನೆಯ ಹಿರಿಯರು ಹೇಳಿದ್ದನ್ನು ಕೇಳಿದವರು ಇದ್ದರೆ, ಯಾವ ಸಂದರ್ಭದಲ್ಲಿ, ಸಿಟ್ಟಿನಿಂದಲೋ ಮರುಕದಿಂದಲೋ ಎಂಬುದನ್ನು ಬರೆಯಿರಿ. ಡಿವಿಜಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಕೋಲಾರ ಸೀಮೆಯವರ ಮಾತಿಗೆ ಇಲ್ಲಿ ವಿಶೇಷ ಬೆಲೆ ಇದೆ. ತೆಲುಗು ಬಲ್ಲವರು ಆ ಭಾಷೆಯಲ್ಲಿ ‘ಇಬ್ಬಂದಿ’ಯನ್ನು ತೊಂದರೆ, ಕಷ್ಟ ಎಂಬರ್ಥದಲ್ಲಿ ದಿನವೂ ಬಳಸುತ್ತಾರೆ. ಗಡಿನಾಡಿನ ಕನ್ನಡಕ್ಕೆ ‘ಇಬ್ಬಂದಿಗೆ ಸಿಲುಕುವ’ ಅರ್ಥ ಅಲ್ಲಿಂದ ಬಂದಿರಬಹುದೇ ಎಂಬುದನ್ನು ಎರಡೂ ಭಾಷೆ ಆಡುವ ಮನೆಗಳವರು ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಮತ್ತು ಕರಾವಳಿಯಲ್ಲಿ ಈ ಪದ ಬಾಯಿಮಾತಿನಲ್ಲಿ ಇದೆಯೇ, ಇಲ್ಲವಾದರೆ ನಂಬಿಯೂ ನಂಬದವನಿಗೆ ನೀವು ಏನೆನ್ನುತ್ತೀರಿ?

ಕೊನೆಯದಾಗಿ, ಶಾಲೆ ಕಾಲೇಜುಗಳಲ್ಲಿ ಕಗ್ಗ ಪಾಠ ಮಾಡುವವರಲ್ಲಿ ಒಂದು ಕೋರಿಕೆ. ಈ ಸಾಲಿಗೆ ನೀವು ಕರಿಹಲಗೆಯ ಮೇಲೆ ಬರೆಸುವ ಪದಾರ್ಥ ಯಾವುದು ಎಂಬುದನ್ನು ಇದ್ದಂತೆಯೇ ಇಲ್ಲಿ ಹಂಚಿಕೊಳ್ಳಿ. ‘ಇಬ್ಬಂದಿ: ನಿಜವೆಂದು ಒಪ್ಪಿಯೂ ಅದಕ್ಕೆ ತನ್ನನ್ನು ಒಪ್ಪಿಸಿಕೊಳ್ಳದವನು’ ಎಂದು ಬರೆಯಬಹುದೆಂದು ನಾನು ಯೋಚಿಸಿದ್ದೇನೆ. ಮಕ್ಕಳಿಗೆ ಇದು ಭಾರವಾದರೆ ಇನ್ನೂ ಹಗುರವಾದ ಕನ್ನಡದಲ್ಲಿ ತಿದ್ದಿಕೊಡಿ.